ಬೆರಳಿಟ್ಟು ಓದುವವರ ಕಪಾಟು

ಆಗಷ್ಟೇ ಓದಲು ಕಲಿತ ಮಗುವಿನ ಪುಸ್ತಕದ ಬಗ್ಗೆ ನಮ್ಮಲ್ಲಿ ವಿಮರ್ಶೆ ಬರೆಯುವವರು ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಪ್ರೀತಿಯಿಂದ ಗಮನಿಸುವವರು ಯಾರಾದರೂ ಇದ್ದರೆ ಅದು ಮಕ್ಕಳ ವಿಭಾಗ ನೋಡಿಕೊಳ್ಳುವ ಗ್ರಂಥಪಾಲಕರು. ಅಜ್ಜಿ ಓದಿ ಹೇಳುವ ಪುಸ್ತಕವೇ ಬೇರೆ. ಮಗು ತಾನೇ ಸಾಲಿನ ಕೆಳಗೆ ಬೆರಳಿಟ್ಟು, ಅಕ್ಷರ ಕೂಡಿಸಿಕೊಂಡು, ಯಾರ ನೆರವೂ ಇಲ್ಲದೆ ಕೊನೆಯ ಪುಟ ಮುಟ್ಟಬೇಕಾದ ಪುಸ್ತಕವೇ ಬೇರೆ. ಈ ಎರಡನೆಯ ಬಗೆಯ ಬರವಣಿಗೆ ಪಠ್ಯಪುಸ್ತಕದ ಬಾಲವಲ್ಲ, ಸಾಹಿತ್ಯದಲ್ಲೇ ತುಂಬ ಕಷ್ಟದ ಕೆಲಸ. ಕನ್ನಡದಲ್ಲಿ ಇದಕ್ಕೆ ಕನ್ನಡದ್ದೇ ಅಳತೆಗೋಲು ಬೇಕು ಎಂಬುದು ನಮ್ಮ ವಾದ.

ಅಮೆರಿಕದಲ್ಲಿ ಈ ಬಗೆಯ ಬರವಣಿಗೆಗೆ ಮರ್ಯಾದೆ ಬಂದ ರೀತಿಯನ್ನು ನೋಡಬೇಕು. 1957ರಲ್ಲಿ ಡಾ. ಸ್ಯೂಸ್ ಕೇವಲ 236 ಬೇರೆ ಬೇರೆ ಪದಗಳಲ್ಲಿ ‘ದ ಕ್ಯಾಟ್ ಇನ್ ದ ಹ್ಯಾಟ್’ ಬರೆದರು. ಅದೇ ವರ್ಷ ಮೌರಿಸ್ ಸೆಂಡಾಕ್ ಚಿತ್ರಗಳೊಂದಿಗೆ ಎಲ್ಸ್ ಮಿನಾರಿಕ್ ಅವರ ‘ಲಿಟಲ್ ಬೇರ್’ ಬಂತು. ಆರ್ನಾಲ್ಡ್ ಲೋಬೆಲ್‌ರ ಕಪ್ಪೆ ಗೆಳೆಯರ ಕಥೆಗಳಿಗೆ ಕಾಲ್ಡೆಕಾಟ್, ನ್ಯೂಬೆರಿ ಎರಡರ ಗೌರವವೂ ಸಿಕ್ಕಿತು. ಈ ಬಹುಮಾನಗಳನ್ನು ಕೊಡುವುದು ಮಕ್ಕಳ ಗ್ರಂಥಪಾಲಕರ ಸಂಘ. ಅದೇ ಸಂಘ 2006ರಿಂದ, ಓದು ಕಲಿಯುವವರ ಪುಸ್ತಕಕ್ಕೆಂದೇ ಸ್ಯೂಸ್‌ರ ನಿಜನಾಮದಲ್ಲಿ ಗೈಸೆಲ್ ಪ್ರಶಸ್ತಿಯನ್ನೂ ಕೊಡುತ್ತಿದೆ. ಪ್ರಾಧ್ಯಾಪಕರು ಗಮನಿಸದಿದ್ದುದನ್ನು ಪುಸ್ತಕ ಎರವಲು ಕೊಡುವವರು ಗಮನಿಸಿದರು.

ಇಷ್ಟು ಕಡಿಮೆ ಪದಗಳಿಂದ ಮಗುವಿನ ಭಾಷೆ ಬಡವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಲೋಬೆಲ್‌ರ ಒಂದು ಕಥೆಯನ್ನೇ ನೋಡಿ. ನೆಲಗಪ್ಪೆ ಆ ದಿನ ಮಾಡಬೇಕಾದ ಕೆಲಸಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಒಂದೊಂದನ್ನೇ ಹೊಡೆದುಹಾಕುತ್ತಾ ಹೋಗುತ್ತದೆ. ಗಾಳಿಗೆ ಚೀಟಿ ಹಾರಿಹೋಗುತ್ತದೆ. ಅದರ ಹಿಂದೆ ಓಡುವಂತಿಲ್ಲ, ಯಾಕೆಂದರೆ ಹಾಗೆ ಓಡುವ ಕೆಲಸ ಚೀಟಿಯಲ್ಲಿ ಇರಲಿಲ್ಲ! ಆರು ವರ್ಷದ ಮಗು ಓದಬಲ್ಲ ಪದಗಳಲ್ಲೇ ಕಟ್ಟಿದ ಈ ಕಥೆ, ತಾನೇ ಹಾಕಿಕೊಂಡ ನಿಯಮಕ್ಕೆ ತಾನೇ ಸಿಕ್ಕಿಬೀಳುವ ಜೀವವನ್ನು ತೋರಿಸುತ್ತದೆ. ದೊಡ್ಡವರಿಗೂ ಇದು ತಾಗುತ್ತದೆ. ಇನ್ನು ದೊಡ್ಡ ಪದಗಳು ಕಿವಿಯ ಮೂಲಕ ಬರಲಿ. ಕೇಳುವ ಕಥೆ, ಹಾಡು, ಮನೆಮಾತು ಅದಕ್ಕಾಗಿಯೇ ಇವೆ. ಕಣ್ಣಿಗೆ ಮಾತ್ರ ಸ್ವಲ್ಪ ಕಾಲಾವಕಾಶ ಬೇಕು.

ಕನ್ನಡಕ್ಕೆ ಇದೆಲ್ಲ ಬೇಡ, ನಮ್ಮದು ಬರೆದಂತೆ ಓದುವ ಭಾಷೆ, ವರ್ಣಮಾಲೆ ಬಂದರೆ ಓದು ಬಂದಂತೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಆದರೆ ‘ಸೂರ್ಯ’ ಪದವನ್ನು ಮಗುವಿನ ಕಣ್ಣಿನಿಂದ ನೋಡಿ. ನಾಲಿಗೆಗೆ ರಕಾರ ಮೊದಲು, ಕಾಗದದ ಮೇಲೆ ಅರ್ಕಾವತ್ತು ಯಕಾರದ ಆಚೆ. ‘ಕುಸ್ತಿ’ಯಲ್ಲಿ ಗುಡಿಸು ಇರುವುದು ಸಕಾರದ ತಲೆಯ ಮೇಲೆ, ಇಕಾರ ಕೇಳಿಸುವುದು ಕೆಳಗಿನ ತಕಾರದ ಜೊತೆ. ಆ ತಕಾರವೂ ಒತ್ತಾದಾಗ ತನ್ನ ಮೊದಲಿನ ರೂಪದಲ್ಲಿಲ್ಲ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಸೋನಾಲಿ ನಾಗ್, ಅಕ್ಷರಗಳ ಮೇಲೆ ಹಿಡಿತ ಸಾಧಿಸುವ ಕೆಲಸ ನಾಲ್ಕನೇ ತರಗತಿಯವರೆಗೂ ಮುಂದುವರಿಯುವುದನ್ನು ತೋರಿಸಿದ್ದಾರೆ. ಇದು ಮಗುವಿನ ಸೋಮಾರಿತನವಲ್ಲ. ಕಾಗುಣಿತ, ಒತ್ತಕ್ಷರ ಸೇರಿ ಕಲಿಯಬೇಕಾದ ರೂಪಗಳೇ ನೂರಾರು.

ಹಾಗಾಗಿ ಪದ ಎಣಿಸುವ ಇಂಗ್ಲಿಷಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ‘ಹೋಗಬೇಕಾಗಿಲ್ಲ’ ಎಂಬುದು ಲೆಕ್ಕಕ್ಕೆ ಒಂದೇ ಪದ, ಮಗುವಿಗೆ ಒಂದು ಗುಡ್ಡ. ಇಂಗ್ಲಿಷಿನ ಮೂರಕ್ಷರದ ‘ಕ್ಯಾಟ್’ ಅನುವಾದವಾದ ಕೂಡಲೇ ಒತ್ತು ಹೊತ್ತ ‘ಬೆಕ್ಕು’ ಆಗುತ್ತದೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಬಹುಭಾಷಾ ಕಥೆಗಳ ಜಾಲತಾಣ ಸ್ಟೋರಿವೀವರ್‌ನಿಂದ ಕನ್ನಡಕ್ಕೆ ದೊಡ್ಡ ಉಪಕಾರವಾಗಿದೆ, ಅದನ್ನು ಮನಸಾರೆ ಒಪ್ಪುತ್ತೇವೆ. ಆದರೆ ಬೇರೆ ಭಾಷೆಯಲ್ಲಿ ಮೊದಲ ಹಂತದ್ದಾದ ಕಥೆ ಕನ್ನಡಕ್ಕೆ ಬಂದಾಗಲೂ ಮೊದಲ ಹಂತದ್ದಾಗಿಯೇ ಉಳಿಯುತ್ತದೆ ಎನ್ನಲಾಗದು. ಕನ್ನಡದ್ದೇ ಅಳತೆಗೆ ಸುಳಿವು ನಮ್ಮಲ್ಲೇ ಇದೆ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯವರು ಬಹಳ ಹಿಂದೆಯೇ ಅಆಇಈ ಕ್ರಮ ಬಿಟ್ಟು ರ, ಗ, ಸ, ದ, ಅ ಎಂದು ಶುರುಮಾಡಿದರು. ಐದೇ ಅಕ್ಷರ, ಅಷ್ಟರಲ್ಲೇ ಅರಸ, ಅಗಸ, ಗರಗಸ, ಸರ, ಸರಸರ! ಒಂದು ಕಥೆಗೆ ಬೇಕಾದಷ್ಟು ಸಾಮಗ್ರಿ ಅಲ್ಲಿದೆ. ಹಾಗೆಂದು ಒತ್ತನ್ನು ಪೂರ್ತಿ ದೂರವಿಟ್ಟರೆ ಅಮ್ಮ, ಅಕ್ಕ, ಅಣ್ಣ, ಅಜ್ಜ, ಹಕ್ಕಿ ಎಲ್ಲರೂ ಕಥೆಯಿಂದ ಆಚೆ ಹೋಗುತ್ತಾರೆ. ಮಗುವಿಗೆ ಅತ್ಯಂತ ಪ್ರೀತಿಯ ಪದಗಳೇ ನಮ್ಮ ಲಿಪಿಯಲ್ಲಿ ಕಷ್ಟದವು. ಯಾವ ಒತ್ತನ್ನು ಯಾವ ಪುಟದಲ್ಲಿ ತರಬೇಕು, ಚಿತ್ರ ಎಲ್ಲಿ ಕೈಹಿಡಿಯಬೇಕು ಎಂಬ ಹದ ಕಥೆಗಾರರಿಗೆ ಮಾತ್ರ ಸಿಗುವಂಥದ್ದು, ಯಾವ ಪಟ್ಟಿಯೂ ಅದನ್ನು ಕೊಡಲಾರದು.

ಆ ಹದ ಕಥೆಗಾರರಿಗೆ ಗೊತ್ತಾಗುವುದು ಹೇಗೆ? ಇಲ್ಲಿ ಗ್ರಂಥಪಾಲಕರು ಬೇಕು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲೇ ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕೆಂಬುದನ್ನು ಗ್ರಂಥಾಲಯದ ಸೂತ್ರವನ್ನಾಗಿ ಮಾಡಿದರು. ಕರ್ನಾಟಕದಲ್ಲಿ 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಉಚಿತ ಸದಸ್ಯರನ್ನಾಗಿ ಕರೆತಂದಿತು. ಅಲ್ಲಿ ಮಗುವಿನ ಕೈಗೆಟಕುವ ಎತ್ತರದಲ್ಲಿ ಈ ಪುಸ್ತಕಗಳಿಗೆಂದೇ ಒಂದು ಕಪಾಟು ಇರಲಿ. ಅದರ ಪಕ್ಕದಲ್ಲೇ ಒಂದು ನೋಟುಬುಕ್ಕೂ ಇರಲಿ. ಯಾವ ಪುಸ್ತಕದ ಯಾವ ಸಾಲಿನಲ್ಲಿ ಬೆರಳು ನಿಂತಿತು, ಯಾವ ಪುಟದಲ್ಲಿ ನಗು ಬಂತು, ಯಾವುದನ್ನು ಮರುದಿನವೇ ಮತ್ತೆ ಕೇಳಿದರು ಎಂದು ಗ್ರಂಥಪಾಲಕರು ಅದರಲ್ಲಿ ಬರೆದಿಡಲಿ. ಅಂಥ ಟಿಪ್ಪಣಿಗಳನ್ನು ಮಕ್ಕಳ ಹೆಸರಿಲ್ಲದೆ ನಮಗೆ ಕಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.