ಬಣ್ಣ ತೊಳೆಯುವುದು ಗೊತ್ತಿರಬೇಕು

ಬನದ ಹುಣ್ಣಿಮೆ ಬಂತೆಂದರೆ ಬಾದಾಮಿ ಸಮೀಪದ ಬನಶಂಕರಿಯಲ್ಲಿ ನಾಟಕ ಕಂಪನಿಗಳ ಡೇರೆಗಳು ಸಾಲಾಗಿ ಏಳುತ್ತವೆ. ಬಾಗಲಕೋಟೆ, ಹುನಗುಂದ, ಇಳಕಲ್ಲಿನಿಂದ ಮನೆಮಂದಿಯೆಲ್ಲ ಬರುತ್ತಾರೆ. ಹಾಸ್ಯಪಾತ್ರಧಾರಿ ಎರಡರ್ಥದ ಮಾತು ಎಸೆದಾಗ ಮಕ್ಕಳೂ ನಗುತ್ತಾರೆ. ಪಾಲಕರು ಮುಖ ಮುಖ ನೋಡಿಕೊಳ್ಳುತ್ತಾರೆ. 'ಇನ್ನ ಮ್ಯಾಲ ಹುಡುಗರನ್ನ ನಾಟಕಕ್ಕ ಕರಕೊಂಡು ಬರೂದು ಬ್ಯಾಡ' ಎಂಬ ತೀರ್ಮಾನ ಆಗಲೇ ಆಗಿಬಿಡುತ್ತದೆ.

ಆದರೆ ಉತ್ತರ ಕರ್ನಾಟಕದ ಹಳ್ಳಿಗರು ರಾತ್ರಿಯಿಡೀ ಕುಳಿತು ನೋಡಿದ 'ಸಂಗ್ಯಾ ಬಾಳ್ಯಾ' ಸಣ್ಣಾಟದ ಕಥೆಯಾದರೂ ಏನು? ಬೈಲಹೊಂಗಲದ ಸಂಗ್ಯಾ, ಈರಣ್ಣನ ಹೆಂಡತಿ ಗಂಗಿಗೆ ಮನಸೋಲುತ್ತಾನೆ. ಗೆಳೆಯ ಬಾಳ್ಯಾ ನೆರವಾಗುತ್ತಾನೆ. ಕೊನೆಗೆ ಸಂಗ್ಯಾನ ಕೊಲೆ. ವಸ್ತು ದೊಡ್ಡವರದೇ. ಆದರೆ ಅಲ್ಲಿ ಮೋಹಕ್ಕೆ ಬೆಲೆಯುಂಟು. ನೋಡಿದವರು ಮನೆಗೆ ಒಯ್ಯುವುದು ನಗೆಯನ್ನಲ್ಲ, ಮರುಕವನ್ನು. ಎರಡರ್ಥದ ಮಾತಿಗೆ ಆ ಹೊಣೆಯಿಲ್ಲ. ಕಥೆಯಲ್ಲಿ ಏನಿದೆ ಎನ್ನುವುದಕ್ಕಿಂತ ಅದು ಏತಕ್ಕಿದೆ ಎಂಬುದೇ ಮುಖ್ಯ.

ಈಗ ಮಕ್ಕಳ ಕೈಯಲ್ಲಿ ಮೊಬೈಲ್ ಆಟಗಳಿವೆ. ಅಲ್ಲಿ ಹುಡುಗ ತಾನೇ ಪಾತ್ರಧಾರಿ; ಕಳ್ಳನೂ ಆಗುತ್ತಾನೆ, ಕೊಲೆಗಾರನೂ ಆಗುತ್ತಾನೆ. ಅಷ್ಟರಿಂದಲೇ ಅವನು ಕೆಟ್ಟನೆಂದಲ್ಲ. ಸಂಗ್ಯಾನ ವೇಷ ಹಾಕಿದ ರೈತನೂ ಬೆಳಗಾದರೆ ಬಣ್ಣ ತೊಳೆದು ಹೊಲಕ್ಕೆ ಹೋಗುತ್ತಿದ್ದ. ಆದರೆ ಬಣ್ಣ ತೊಳೆಯುವುದನ್ನು ಎಳೆಯರಿಗೆ ಹಿರಿಯರೇ ಕಲಿಸಬೇಕು.

ಸಿನಿಮಾಕ್ಕೆ 2024ರ ನಿಯಮಗಳು ಯು/ಎ ವರ್ಗದಲ್ಲಿ 7, 13, 16 ವರ್ಷಗಳೆಂಬ ಮೂರು ಮೆಟ್ಟಿಲು ಹಾಕಿವೆ. ಆಟಗಳಿಗೂ ವಯಸ್ಸಿನ ಗುರುತುಂಟು. ಪಾಲಕರು ಅದನ್ನು ಮೊದಲು ನೋಡಲಿ. ವಿದ್ಯಾರ್ಥಿಗಳೂ ಕದ್ದು ಆಡುವ ಬದಲು ಕೇಳಿ ಆಡಲಿ. 'ನೋಡಬ್ಯಾಡ' ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. 'ನೋಡಿದ ಮ್ಯಾಲ ನಿನಗೇನ ಅನಿಸ್ತು?' ಎಂದರೆ ಮಾತು ಶುರುವಾಗುತ್ತದೆ.