ಬೆನ್ನಿಗೊಪ್ಪುವ ನೀರಿನ ಚೀಲ

ದಾರಿ ಹಿಡಿದವನಿಗೆ ನೀರು ಜೊತೆಗಿರಬೇಕೆಂಬುದು ಇಂದಿನ ಮಾತಲ್ಲ. ಹೊಲಕ್ಕೆ ಹೊರಟ ರೈತ ಸೋರೆಬುರುಡೆಯಲ್ಲಿ ನೀರು ತುಂಬಿ ಹೆಗಲಿಗೆ ತೂಗುಹಾಕಿಕೊಳ್ಳುತ್ತಿದ್ದ. ಊರಿಗೆ ನೀರು ಹಂಚುವವನು ತೊಗಲಿನ ಚೀಲವನ್ನು ಬೆನ್ನಿಗೇರಿಸುತ್ತಿದ್ದ. ನೀರು ಕಲ್ಲಿನಂತೆ ಸುಮ್ಮನೆ ಕೂರುವ ಹೊರೆಯಲ್ಲವೆಂಬುದನ್ನು ಇಬ್ಬರೂ ಬಲ್ಲವರಾಗಿದ್ದರು. ಹೊತ್ತವನು ಹೆಜ್ಜೆಯಿಟ್ಟರೆ ಅದೂ ತುಳುಕುತ್ತದೆ. ಅವನು ನಿಂತ ಮೇಲೂ ಒಂದು ಗಳಿಗೆ ತುಳುಕುತ್ತಲೇ ಇರುತ್ತದೆ.

ಬೆಟ್ಟದ ಕಾಲುದಾರಿಯಲ್ಲಿ ಸೈಕಲ್ ಓಡಿಸುವವನು ಇದೇ ಪಾಠವನ್ನು ಹೊಸದಾಗಿ ಕಲಿಯಬೇಕಾಗಿದೆ. ಕ್ಯಾಲಿಫೋರ್ನಿಯಾದ ಮರಿನ್ ಸೀಮೆಯ ಕೆಲವು ತರುಣರು ಹಳೆಯ, ಭಾರವಾದ ಸೈಕಲ್ಲುಗಳನ್ನು ಬೆಟ್ಟದಿಂದಿಳಿಸುವ ಪಂದ್ಯವನ್ನು 1976ರಲ್ಲಿ ಹೂಡಿದರು. ಇಪ್ಪತ್ತೇ ವರ್ಷಗಳಲ್ಲಿ, 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ, ಬೆಟ್ಟದ ಸೈಕಲ್ ಸವಾರಿಗೂ ಸ್ಥಾನ ದೊರೆಯಿತು. ಆದರೆ ಸವಾರನ ಬಾಯಾರಿಕೆಯ ತೊಡಕು ಅಂದಿಗೂ ಇಂದಿಗೂ ಒಂದೇ. ನೇರ ರಸ್ತೆಯಲ್ಲಿ ಹೋಗುವವನು ಒಂದು ಕೈ ಬಿಟ್ಟು, ಸೈಕಲ್ಲಿನ ಚೌಕಟ್ಟಿಗೆ ಸಿಕ್ಕಿಸಿದ ಸೀಸೆಯನ್ನೆತ್ತಿ ಕುಡಿಯಬಲ್ಲನು. ಬೇರು, ಬಂಡೆ, ಜಲ್ಲಿಗಳ ನಡುವೆ ಆ ಕೈಯನ್ನು ಬಿಡುವಂತಿಲ್ಲ. ಬಿಟ್ಟರೂ ಸೀಸೆಯ ಬಾಯಿಗೆ ಕೆಸರು ಮೆತ್ತಿರುತ್ತದೆ. ‘ಮುಂದಿನ ತಿರುವಿನಲ್ಲಿ ಕುಡಿದರಾಯಿತು’ ಎಂದು ಅವನು ಮುಂದೂಡುತ್ತಾನೆ. ಮೈಯ ನೀರು ಬೆವರಾಗಿ ಹೋದಂತೆ ಆಯಾಸ ಹೆಚ್ಚುತ್ತದೆ, ಗಮನ ಸಡಿಲುತ್ತದೆ. ಇಳಿಜಾರಿನಲ್ಲಿ ಗಮನ ಸಡಿಲಿದವನು ಬಿದ್ದರೆ ಆಶ್ಚರ್ಯವಿಲ್ಲ.

ಇದಕ್ಕೊಂದು ಪರಿಹಾರ ದೊರೆತದ್ದು ಬೆಟ್ಟದಲ್ಲಲ್ಲ, ಬಯಲಿನಲ್ಲಿ. ಟೆಕ್ಸಾಸಿನ ವಿಚಿಟಾ ಫಾಲ್ಸ್ ಎಂಬ ಊರಿನಲ್ಲಿ 1982ರಲ್ಲಿ ಆಗಸ್ಟಿನ ಸುಡುಬಿಸಿಲಿನ ನೂರು ಮೈಲಿ ಸವಾರಿಯೊಂದು ಆರಂಭವಾಯಿತು. ‘ನರಕಕ್ಕಿಂತ ಬಿಸಿಯಾದ ನೂರು’ ಎಂಬುದೇ ಅದರ ಹೆಸರಿನ ಅರ್ಥ. 1980ರ ದಶಕದ ಕೊನೆಯಲ್ಲಿ ಅದರಲ್ಲಿ ಪಾಲ್ಗೊಂಡ ಮೈಕೇಲ್ ಈಡ್ಸನ್ ಎಂಬಾತ ತುರ್ತುಚಿಕಿತ್ಸೆಯ ಕೆಲಸದವನು. ರೋಗಿಗಳಿಗೆ ಡ್ರಿಪ್ ಕೊಡುವ ಚೀಲದಲ್ಲಿ ನೀರು ತುಂಬಿ, ಅದನ್ನು ಉದ್ದನೆಯ ಕಾಲುಚೀಲದೊಳಗಿಟ್ಟು, ಅಂಗಿಯ ಬೆನ್ನಿಗೆ ಜೋಡಿಸಿದ. ಕೊಳವೆಯನ್ನು ಹೆಗಲ ಮೇಲಿಂದ ಮುಂದಕ್ಕೆ ತಂದು, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಅದರ ಬಾಯಿ ಮುಚ್ಚಿದ. ಅಂಗಡಿಯವರು ಇಂದು ‘ಹೈಡ್ರೇಷನ್ ಪ್ಯಾಕ್’ ಎನ್ನುವ ಚೀಲಗಳಲ್ಲಿ ಹೆಸರುವಾಸಿಯಾದ ‘ಕ್ಯಾಮೆಲ್‌ಬ್ಯಾಕ್’ ಹುಟ್ಟಿದ್ದು ಹೀಗೆ. ಆ ಕಾಲುಚೀಲಕ್ಕೆ ಅಂದವಿರಲಿಲ್ಲ. ಆದರೆ ಬೆನ್ನಿಗೆ ಅಂಟಿಕೊಂಡಿದ್ದಿತು.

ಕೊಳ್ಳುವವರು ಮರೆಯುವುದು ಇದನ್ನೇ. ಕಾಲೇಜಿನಲ್ಲಿ ಓದುವ ಹುಡುಗನೊಬ್ಬ ತಂದೆಯೊಡನೆ ಅಂಗಡಿಗೆ ಹೋದ. “ಅಪ್ಪ, ಮೂರು ಲೀಟರಿನದನ್ನೇ ಕೊಳ್ಳೋಣ. ಹತ್ತು ಜೇಬುಗಳಿವೆ” ಎಂದ. ತಂದೆ ಪಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಿ, ಮೆತ್ತಗಿದೆಯೆಂದು ಸಮಾಧಾನಪಟ್ಟರು. ಮಗ ಬರಿಚೀಲವನ್ನು ಬೆನ್ನಿಗೇರಿಸಿ ಕನ್ನಡಿಯ ಮುಂದೆ ನಿಂತ. ಅದರಲ್ಲಿ ನೀರು ತುಂಬಿ ನೋಡಬೇಕೆಂದು ಯಾರಿಗೂ ತೋಚಲಿಲ್ಲ.

ಮೂರು ಲೀಟರು ನೀರೆಂದರೆ ಮೂರು ಕಿಲೋಗ್ರಾಮು ಭಾರ. ಮೊದಲ ಇಳಿಜಾರಿನಲ್ಲೇ ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ ಅವನನ್ನು ಎಳೆದಾಡಿತು. ಚೀಲದ ತಲೆ ಹೆಲ್ಮೆಟ್ಟಿನ ಹಿಂಬದಿಗೆ ತಗುಲಿ, ಹೆಲ್ಮೆಟ್ಟು ಕಣ್ಣಿನ ಮೇಲಕ್ಕೆ ಜಾರಿತು. ಮನೆಗೆ ಬಂದವನು ಚೀಲವನ್ನು ಮೊಳೆಗೆ ತೂಗುಹಾಕಿದ. ಮರುವಾರ ನೀರಿಲ್ಲದೆಯೇ ಸವಾರಿಗೆ ಹೋಗಿ, ತಲೆನೋವಿನೊಡನೆ ಹಿಂತಿರುಗಿದ. ನೋಯಿಸುವ ಚೀಲದ ಹಾನಿ ಹೆಗಲಿಗಷ್ಟೇ ಅಲ್ಲ. ಅದು ಮನೆಯಲ್ಲೇ ಉಳಿದು ಸವಾರನನ್ನು ಬಾಯಾರಿಸುತ್ತದೆ.

“ಅಳತೆ ಕೊಡದೆ ಅಂಗಿಯನ್ನಾದರೂ ಹೊಲಿಸುತ್ತೀರಾ?” ಎಂದು ಕೇಳಿದವರು ಅವನ ತಾಯಿ. ಹೊಲಿಗೆಯ ಟೇಪು ತಂದು ಮಗನ ತಲೆ ಬಗ್ಗಿಸಿ, ಕತ್ತಿನ ಬುಡದಲ್ಲಿ ಉಬ್ಬುವ ಎಲುಬಿನಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಬೆನ್ನನ್ನು ಅಳೆದರು. ಮನುಷ್ಯನ ಎತ್ತರವಲ್ಲ, ಈ ಉದ್ದವೇ ಚೀಲದ ಆಯ್ಕೆಗೆ ಆಧಾರ. ಎತ್ತರದವನ ಬೆನ್ನು ಗಿಡ್ಡವಾಗಿರುವುದೂ ಉಂಟು.

ಮತ್ತೆ ಅಂಗಡಿಗೆ ಹೋದಾಗ ಆಯ್ಕೆ ಬೇರೆಯಾಯಿತು. ಸಾಧಾರಣ ಹವೆಯಲ್ಲಿ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರು ಸಾಕಾಗುವುದರಿಂದ, ಎರಡು ಗಂಟೆಯ ಸವಾರಿಗೆ ಒಂದೂವರೆ ಲೀಟರಿನ ಚೀಲವೇ ಸಾಕೆಂದು ತೀರ್ಮಾನವಾಯಿತು. ಅದಕ್ಕೆ ನೀರು ತುಂಬಿಸಿ, ಒಳಗಿನ ಗಾಳಿಯನ್ನು ಹಿಂಡಿ ತೆಗೆದರು. ಗಾಳಿಯುಳಿದರೆ ತುಳುಕಾಟ ಹೆಚ್ಚು. ಮೊದಲು ಸೊಂಟದ ಪಟ್ಟಿ, ಬಳಿಕ ಹೆಗಲಿನದು, ಕೊನೆಗೆ ಎದೆಯದನ್ನು ಬಿಗಿದರು. ಎದೆಪಟ್ಟಿ ಹೆಗಲ ಪಟ್ಟಿಗಳನ್ನು ಜಾರದಂತೆ ಹಿಡಿಯಬೇಕೇ ಹೊರತು ಉಸಿರನ್ನು ಹಿಡಿಯಬಾರದು. ಬಳಿಕ ಹುಡುಗ ಹೆಲ್ಮೆಟ್ಟು ತೊಟ್ಟು, ಸೈಕಲ್ಲಿನ ಹಿಡಿಕೆ ಹಿಡಿದವನಂತೆ ಮುಂದಕ್ಕೆ ಬಾಗಿ, ತಲೆಯೆತ್ತಿ ನೋಡಿದ. ಒಂದೆರಡು ಸಲ ಕುಣಿದ. ಚೀಲ ಅವನೊಡನೆ ಕುಣಿಯಲಿಲ್ಲ. ಬೆನ್ನಿಗೂ ಚೀಲಕ್ಕೂ ನಡುವೆ ಗಾಳಿಯಾಡಲು ಕಾಲುವೆಯಂತಹ ಸಂದಿದೆಯೇ, ಕೊಳವೆಯ ತುದಿ ಬಾಯಿಗೆ ಸುಲಭವಾಗಿ ಎಟಕುವುದೇ ಎಂಬುದನ್ನೂ ಪರೀಕ್ಷಿಸಿದರು. ಹೆಂಗಸರು ಕೊಳ್ಳುವುದಾದರೆ, ಎದೆಯನ್ನು ಒತ್ತದಂತೆ ಬಾಗಿಸಿ ಹೊಲಿದ ಪಟ್ಟಿಗಳನ್ನು ಕೇಳಿ ಪಡೆಯುವುದು ಲೇಸು. ಹೆಗಲಿನ ಮೇಲೆ ಭಾರವೇ ಬೇಡವೆನ್ನುವವರಿಗೆ ಸೊಂಟಕ್ಕೆ ಕಟ್ಟುವ ಚೀಲಗಳುಂಟು. ಭಾರ ಕೆಳಗಿದ್ದಷ್ಟೂ ಸವಾರನ ತೂಕ ತಪ್ಪುವುದು ಕಡಿಮೆ.

ಆ ಭಾನುವಾರ ಹುಡುಗ ಮಧ್ಯಾಹ್ನಕ್ಕೆ ಮನೆಗೆ ಬಂದಾಗ ಚೀಲ ಬರಿದಾಗಿತ್ತು. ಕೈಕಾಲಿಗೆ ಗಾಯವಿರಲಿಲ್ಲ, ಹೆಗಲಿನಲ್ಲಿ ಪಟ್ಟಿಯ ಗುರುತೂ ಇರಲಿಲ್ಲ. ಚೀಲವನ್ನು ಹಾಗೆಯೇ ಮೊಳೆಗೆ ಹಾಕಲು ಹೊರಟವನನ್ನು ತಾಯಿ ತಡೆದರು:

“ಕೊಳವೆಯನ್ನೂ ತೊಳೆದು, ಬಾಯಿ ತೆರೆದು ಒಣಗಲು ಹಾಕೋ. ಒಳಗೆ ಬೂಷ್ಟು ಹಿಡಿದರೆ ಬರುವ ವಾರ ಕುಡಿಯುವವನು ನೀನೇ.”