ಬಿಚ್ಚಿದರೆ ಮತ್ತೆ ಥಾನು
ಕ್ಯೋಟೋದ ತೋಜಿ ದೇವಾಲಯದ ಅಂಗಳದಲ್ಲಿ ಪ್ರತಿ ತಿಂಗಳ 21ರಂದು ನೆರೆಯುವ ಸಂತೆಯಲ್ಲಿ ಹಳೆಯ ರೇಷ್ಮೆ ಕಿಮೊನೊಗಳೂ ಮಾರಾಟಕ್ಕಿರುತ್ತವೆ. ಅಂಥದೊಂದನ್ನು ದಿನಬಳಕೆಯ ಸಡಿಲ ಅಂಗಿಯಾಗಿಸಬೇಕೆಂದರೆ ಕತ್ತರಿಯನ್ನು ಬದಿಗಿಟ್ಟು ಮೊದಲು ಹೊಲಿಗೆ ಬಿಚ್ಚಬೇಕು. ಸುಮಾರು 36 ಸೆಂಟಿಮೀಟರ್ ಅಗಲ, 12 ಮೀಟರ್ ಉದ್ದದ ಒಂದೇ ಥಾನನ್ನು ನೇರ ಪಟ್ಟಿಗಳಾಗಿ ಕತ್ತರಿಸಿ ಕೈಯಲ್ಲಿ ಹೊಲಿದ ಉಡುಪು ಅದು. ದಾರ ಎಳೆದರೆ ಪಟ್ಟಿಗಳು ಬಿಡಿಬಿಡಿಯಾಗಿ ಕೈಗೆ ಬರುತ್ತವೆ. ಹೀಗೆ ಬಿಚ್ಚಿ, ಪಟ್ಟಿಗಳನ್ನು ಜೋಡಿಸಿ ಒಗೆದು, ಬಿಗಿಯಾಗಿ ಹಿಡಿದು ಒಣಗಿಸುವ ಜಪಾನಿನ ಹಳೆಯ ರೂಢಿಗೆ ‘ಅರಾಯ್‌ಹರಿ’ ಎಂದು ಹೆಸರು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಸವೆದ ಕಡೆ ಒಳಗಿನಿಂದ ತೆಳು ಅಸ್ತರು ಕೊಡಿ. ಅಗಲ ಕಿರಿದು, ಹಾಗಾಗಿ ಬೆನ್ನ ನಡುವೆ ಹೊಲಿಗೆಯೊಂದು ಬಂದೇ ಬರುತ್ತದೆ; ಬರಲಿ. ನೇಯ್ದವರು ಕೊಟ್ಟ ಅಗಲಕ್ಕೆ ನಮ್ಮ ಅಂಗಿ ಒಗ್ಗಿಕೊಳ್ಳುವುದೇ ಆ ರೇಷ್ಮೆಗೆ ಸಲ್ಲುವ ಮರ್ಯಾದೆ.